ಬೆಕ್ಕಿನ ಕುಲವೂ ಶೀಲವೂ

ರಾಮದುರ್ಗವನ್ನು ದಾಟಿ ಲೋಕಾಪುರದ ದಾರಿ ಹಿಡಿದವರಿಗೆ ಎದುರಾಗುವ ಮುಧೋಳದ ಸೀಮೆಯು ತನ್ನ ಬೇಟೆನಾಯಿಯಿಂದ ದೇಶಾಂತರಗಳಲ್ಲಿಯೂ ಹೆಸರು ಪಡೆದಿದೆ. ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಆ ತಳಿಯನ್ನು ಅಕ್ಕರೆಯಿಂದ ಪೋಷಿಸಿದರು; ಅದರ ಮರಿಗಳು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನ ಅರಮನೆಯವರೆಗೂ ಹೋದವು; 2005ರಲ್ಲಿ ಅಂಚೆ ಇಲಾಖೆಯು ಅದರ ಚಿತ್ರವನ್ನು ಚೀಟಿಯ ಮೇಲೆ ಅಚ್ಚುಹಾಕಿತು; ಇಂದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಶ್ವಾನ ಸಂಶೋಧನ ಕೇಂದ್ರವು ತಿಮ್ಮಾಪುರದಲ್ಲಿ ಆ ಕುಲದ ಶುದ್ಧಿಯನ್ನು ಕಾಯುತ್ತಲಿದೆ. ಇತ್ತ ಮಲಪ್ರಭೆಯ ನೀರು ಕುಡಿದು, ಅದೇ ಎರೆಭೂಮಿಯ ಜೋಳ ಹತ್ತಿಗಳ ನಡುವೆ, ಬೈಲಹೊಂಗಲ ಕಿತ್ತೂರು ಸವದತ್ತಿ ರಾಮದುರ್ಗಗಳ ಮನೆಮನೆಯಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದ ಬೆಕ್ಕಿಗಾದರೋ ಕುಲನಾಮವಿಲ್ಲ, ವಂಶಾವಳಿಯಿಲ್ಲ, ಅದನ್ನು ಕಾಯ್ದ ಅರಸನೂ ಇಲ್ಲ. ಅದು ಬರಿಯ ‘ಮನಿ ಬೆಕ್ಕು’.

ಈಚೆಗೆ ಈ ಊರುಗಳಲ್ಲಿಯೂ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಪರ್ಷಿಯನ್ ಮರಿಯೊಂದನ್ನು ಬುಟ್ಟಿಯಲ್ಲಿ ತಂದ ಮನೆಯನ್ನು ನೆರೆಯವರು ನೋಡಿ ಬರುತ್ತಾರೆ. ‘ಡಾಲ್ ಫೇಸ್’, ‘ಪಂಚ್ ಫೇಸ್’ ಎಂಬ ವ್ಯಾಪಾರದ ಮಾತುಗಳು ಪಡಸಾಲೆಗೆ ಬಂದು ಕೂತಿವೆ. ಮಕ್ಕಳು ಮೊಬೈಲಿನಲ್ಲಿ ಗಿಡ್ಡ ಕಾಲಿನ, ಗುಂಗುರು ಕೂದಲಿನ, ಅಂಗೈಯಗಲದ ಬೆಕ್ಕುಗಳ ಚಿತ್ರಗಳನ್ನು ತೋರಿಸಿ, ಇವುಗಳಲ್ಲಿ ಯಾವುದು ಸಣ್ಣದು, ಯಾವುದು ಸಾಧು, ಯಾವುದನ್ನು ನಮ್ಮ ಮನೆಗೆ ತರೋಣ ಎಂದು ಕೇಳುತ್ತಾರೆ. ಪ್ರಶ್ನೆಯು ಯೋಗ್ಯವಾದದ್ದೇ. ಒಂದು ಜೀವವನ್ನು ಮನೆಯೊಳಕ್ಕೆ ಕರೆದುಕೊಳ್ಳುವ ಮೊದಲು ಅದರ ಸ್ವಭಾವವನ್ನು ವಿಚಾರಿಸುವುದು ವಿವೇಕದ ಲಕ್ಷಣ. ಆದರೆ ಸ್ವಭಾವವು ಕುಲದ ಹೆಸರಿನಲ್ಲಿಯೇ ಅಡಗಿದೆಯೆಂಬ ನಂಬಿಕೆಯು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು, ಇದುವರೆಗೆ ವಿದ್ವಾಂಸರು ಕಂಡುಕೊಂಡಿರುವುದನ್ನೂ ನಮ್ಮ ಮನೆಗಳ ಅನುಭವವನ್ನೂ ಒಟ್ಟಿಗೆ ಇಟ್ಟುಕೊಂಡು, ಸಾವಧಾನದಿಂದ ನೋಡಬೇಕಾಗಿದೆ.

ಮನುಷ್ಯನಿಗೂ ಬೆಕ್ಕಿಗೂ ಆದ ಸ್ನೇಹಕ್ಕೆ ಮೂಲವು ಧಾನ್ಯ. ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಗಳಲ್ಲಿ ಈಗಲೂ ಜೀವಿಸಿರುವ, ಫೆಲಿಸ್ ಲಿಬಿಕಾ ಎಂದು ಪ್ರಾಣಿಶಾಸ್ತ್ರಜ್ಞರು ಕರೆಯುವ ಬೂದುಬಣ್ಣದ ಚಿಕ್ಕ ಕಾಡುಬೆಕ್ಕಿನ ಸಂತತಿಯೇ ಜಗತ್ತಿನ ಸಕಲ ಸಾಕುಬೆಕ್ಕುಗಳೂ ಎಂಬುದನ್ನು 2007ರಲ್ಲಿ ಪ್ರಕಟವಾದ ವಂಶವಾಹಿಗಳ ಪರೀಕ್ಷೆಯು ಖಚಿತಪಡಿಸಿತು. ಅದಕ್ಕೂ ಮುನ್ನ, 2004ರಲ್ಲಿ, ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲಿಯೇ ಜೋಪಾನವಾಗಿ ಹೂಳಲ್ಪಟ್ಟ ಬೆಕ್ಕಿನ ಅಸ್ಥಿಗಳು ದೊರೆತ ವಾರ್ತೆ ಬಂದಿತ್ತು. ದ್ವೀಪದಲ್ಲಿ ಹುಟ್ಟದ ಆ ಪ್ರಾಣಿಯನ್ನು ಯಾರೋ ದೋಣಿಯಲ್ಲಿ ಕೊಂಡೊಯ್ದಿರಲೇಬೇಕು. ಒಕ್ಕಲುತನವನ್ನು ಕಲಿತ ಮನುಷ್ಯನು ಕಾಳನ್ನು ಕೂಡಿಹಾಕಿದನು. ಕಾಳಿಗೆ ಇಲಿ ಬಂದಿತು. ಇಲಿಯ ಹಿಂದೆ ಬೆಕ್ಕು ಬಂದಿತು. ನಾಯಿಯನ್ನು, ಎತ್ತನ್ನು, ಕುದುರೆಯನ್ನು ಮನುಷ್ಯನು ಹಿಡಿದು ತಂದು ಪಳಗಿಸಿದನೆನ್ನಬಹುದು. ಬೆಕ್ಕಾದರೋ ತಾನಾಗಿಯೇ ಬಂದು, ತನಗೆ ಒಪ್ಪಿದಷ್ಟನ್ನು ಒಪ್ಪಿಕೊಂಡು, ಉಳಿದದ್ದರಲ್ಲಿ ಸ್ವತಂತ್ರವಾಗಿಯೇ ಉಳಿಯಿತು. ಅದರ ಸ್ವಭಾವದ ಅರ್ಧದಷ್ಟು ಗೂಢಗಳೆಲ್ಲ ಈ ಒಂದು ಸಂಗತಿಯಿಂದ ಬಿಡಿಸಿಕೊಳ್ಳುತ್ತವೆ.

ನಮ್ಮ ಹಳೆಯ ಮಾಳಿಗೆಮನೆಗಳ ರಚನೆಯನ್ನು ಗಮನಿಸಿದರೆ ಈ ಒಪ್ಪಂದವು ಮಣ್ಣು ಮರಗಳಲ್ಲಿಯೇ ಬರೆದಿಟ್ಟಂತೆ ಕಾಣುತ್ತದೆ. ಅಂಗಳದಲ್ಲಿ ನೆಲವನ್ನಗೆದು ಜೋಳ ತುಂಬಿದ ಹಗೇವು, ಒಳಕೋಣೆಯಲ್ಲಿ ಕಡಲೆ ಗೋದಿಗಳ ಚೀಲಗಳು, ಅಟ್ಟದಲ್ಲಿ ಬಿತ್ತನೆಯ ಬೀಜ, ಇನ್ನೊಂದು ಮೂಲೆಯಲ್ಲಿ ಜಿನ್ನಿಗೆ ಹೋಗುವ ಮೊದಲಿನ ಹತ್ತಿಯ ರಾಶಿ. ಇವೆಲ್ಲಕ್ಕೂ ಕಾವಲಾಗಿ ಇರುಳಿನಲ್ಲಿ ಜಂತಿಯಿಂದ ಜಂತಿಗೆ ನಡೆಯುವ ಬೆಕ್ಕು ಇರಲೆಂದೇ ಮಾಳಿಗೆಯ ಬೆಳಕಿಂಡಿಯನ್ನು ಪೂರ್ತಿಯಾಗಿ ಮುಚ್ಚುತ್ತಿರಲಿಲ್ಲ. ಆದರೆ ಅದೇ ಬೆಕ್ಕಿನಿಂದ ಹಾಲು ಮೊಸರುಗಳನ್ನು ಕಾಯುವುದಕ್ಕಾಗಿ ಅಡಿಗೆಮನೆಯ ತೊಲೆಯಿಂದ ನೆಲುವನ್ನು ಇಳಿಬಿಡುತ್ತಿದ್ದರು. ನಾರಿನ ಹಗ್ಗದಲ್ಲಿ ಹೆಣೆದ ಆ ನೆಲುವಿನಲ್ಲಿ ಗಡಿಗೆಯ ಮೇಲೆ ಗಡಿಗೆ. ತಳದಲ್ಲಿ ಹಾಲಿನದು, ನಡುವೆ ಮೊಸರಿನದು, ಮೇಲೆ ಬೆಣ್ಣೆಯದು. ಗೋಡೆಯಿಂದ ಒಂದೂವರೆ ಮೊಳದ ದೂರ, ನೆಲದಿಂದ ಹೆಂಗಸಿನ ಕೈ ನಿಲುಕುವಷ್ಟೇ ಎತ್ತರ, ಹತ್ತಿರದಲ್ಲಿ ನೆಗೆಯಲು ಆಸರೆಯಾಗುವ ಯಾವ ವಸ್ತುವೂ ಇರದ ಸ್ಥಳ. ಬೆಕ್ಕಿನ ನೆಗೆತದ ಅಳತೆಯನ್ನು ಕರಾರುವಾಕ್ಕಾಗಿ ಬಲ್ಲ ಹಿರಿಯರು ಅದನ್ನು ಮನೆಯಿಂದ ಓಡಿಸುವ ಬದಲು ಹಾಲಿನ ಸ್ಥಾನವನ್ನೇ ಬದಲಿಸಿದರು. ಸಾಕುಪ್ರಾಣಿಯ ಸ್ವಭಾವವನ್ನು ತಿದ್ದುವುದಕ್ಕಿಂತ ಅದಕ್ಕೆ ಹೊಂದುವಂತೆ ಮನೆಯನ್ನು ಇರಿಸಿಕೊಳ್ಳುವುದೇ ಲೇಸೆಂಬ ತಿಳಿವಳಿಕೆ ಅದು; ಇಂದು ನಗರಗಳಲ್ಲಿ ಬೆಲೆಬಾಳುವ ಬೆಕ್ಕನ್ನು ತಂದು ಪರದೆ ಹರಿಯಿತೆಂದು ಕೊರಗುವವರಿಗೆ ಈ ತಿಳಿವಳಿಕೆಯೇ ಬೇಕಾಗಿದೆ.

ಬೆಕ್ಕಿನ ಉಪಕಾರವು ಕಾಳಿನ ಕಾವಲಿಗಷ್ಟೇ ನಿಂತಿತೆನ್ನುವಂತಿಲ್ಲ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಎರಡು ವರ್ಷಗಳೊಳಗಾಗಿ ಹುಬ್ಬಳ್ಳಿ ಧಾರವಾಡಗಳ ಸೀಮೆಯನ್ನು ಆವರಿಸಿತು. 1898ರಲ್ಲಿ ಹುಬ್ಬಳ್ಳಿಯೊಂದರಲ್ಲಿಯೇ ವಿಜ್ಞಾನಿ ಹಾಫ್ಕಿನ್ನರ ಪ್ಲೇಗು ಲಸಿಕೆಯನ್ನು ಸಾವಿರಾರು ಜನರಿಗೆ ಚುಚ್ಚಬೇಕಾಯಿತು. ಮನೆಯಲ್ಲಿ ‘ಇಲಿ ಬಿತ್ತು’ ಎಂದರೆ ಸಾಕು, ಜನರು ಊರನ್ನೇ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಆ ದಿನಗಳ ನೆನಪು ಈ ಭಾಗದ ಮನೆತನಗಳಲ್ಲಿ ಇನ್ನೂ ಅಳಿದಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ರೋಗವು ಹರಡುತ್ತದೆಂಬುದನ್ನು ಫ್ರೆಂಚ್ ವೈದ್ಯ ಸಿಮೊಂಡ್ ಅದೇ 1898ರಲ್ಲಿ ಕರಾಚಿಯಲ್ಲಿ ತೋರಿಸಿದನು. ತರುವಾಯ ವಿದರ್ಭದ ಅಮರಾವತಿಯಲ್ಲಿ ಸರಕಾರಿ ವೈದ್ಯಾಧಿಕಾರಿಯಾಗಿದ್ದ ಬುಕಾನನ್ ಎಂಬವರು, ಬೆಕ್ಕುಗಳು ಹೆಚ್ಚಾಗಿರುವ ಹಳ್ಳಿಗಳಲ್ಲಿ ಪ್ಲೇಗಿನ ಕಾಟ ಕಡಿಮೆಯೆಂಬುದನ್ನು ಗಮನಿಸಿ, ಮನೆಮನೆಯಲ್ಲಿಯೂ ಬೆಕ್ಕನ್ನು ಸಾಕುವಂತೆ 1908ರ ಹೊತ್ತಿಗೆ ವೈದ್ಯ ಪತ್ರಿಕೆಗಳಲ್ಲಿ ಆಗ್ರಹದಿಂದ ಬರೆದರು. ಬೆಕ್ಕಿಗೂ ಪ್ಲೇಗು ತಗಲಬಹುದು, ಅದರಿಂದ ಮನುಷ್ಯನಿಗೂ ಬರಬಹುದು ಎಂಬುದು ಈಗ ತಿಳಿದಿರುವುದರಿಂದ ಆ ಸಲಹೆಯನ್ನು ಪೂರ್ಣವಾಗಿ ಸ್ವೀಕರಿಸುವಂತಿಲ್ಲ. ಆದರೂ ದಾರಿಗೆ ಅಡ್ಡ ಬಂದಿತೆಂದು ಬೆಕ್ಕಿಗೆ ಕಲ್ಲೆಸೆಯುವ ನಾಡಿನಲ್ಲಿ ಈ ಚರಿತ್ರೆಯನ್ನು ನೆನೆಯುವುದು ಅನುಚಿತವಾಗಲಾರದು. ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಅದೇ ಬೆಕ್ಕನ್ನು ಮಂಗಮ್ಮ ದೇವಿಯ ಸ್ವರೂಪವೆಂದು ಪೂಜಿಸುತ್ತಾರೆ. ಒಂದೇ ನಾಡಿನೊಳಗೆ ಅಪಶಕುನವೂ ದೈವವೂ ಆಗಿರುವ ಪ್ರಾಣಿಗಳು ವಿರಳ.

ಬೆಕ್ಕಿಗೆ ಕುಲನಾಮಗಳನ್ನಿಡುವ ಪದ್ಧತಿಯು ನಾವೆಣಿಸುವಷ್ಟು ಹಳೆಯದಲ್ಲ. 1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ಹ್ಯಾರಿಸನ್ ವಿಯರ್ ಎಂಬ ಚಿತ್ರಕಾರನು ಬೆಕ್ಕುಗಳ ಪ್ರದರ್ಶನವನ್ನು ಏರ್ಪಡಿಸಿ, ಅವುಗಳ ಅಂದಚೆಂದಕ್ಕೆ ಗುಣಾಂಕಗಳನ್ನು ನಿಗದಿಮಾಡಿದ ಮೇಲೆ ಕುಲ, ವಂಶ, ಶುದ್ಧಿ ಎಂಬ ಮಾತುಗಳು ಬೆಕ್ಕಿನ ಲೋಕವನ್ನು ಹೊಕ್ಕವು. ಇಂದು ಹೆಸರಾಗಿರುವ ತಳಿಗಳಲ್ಲಿ ಬಹುಭಾಗವು ಈ ನೂರೈವತ್ತು ವರ್ಷಗಳ ಸೃಷ್ಟಿ. ಉದ್ದ ಕೂದಲಿನ ಪರ್ಷಿಯನ್ನಿನ ಕಥೆ ಮಾತ್ರ ಇನ್ನೂ ಹಿಂದಕ್ಕೆ ಹೋಗುತ್ತದೆ. ಪಿಯತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿಯು 1620ರಲ್ಲಿ ಇಸ್ಫಹಾನಿನಿಂದ ಬರೆದ ಓಲೆಯಲ್ಲಿ ಖೊರಾಸಾನಿನ ರೇಷ್ಮೆಗೂದಲಿನ ಬೆಕ್ಕುಗಳನ್ನು ಬಣ್ಣಿಸಿ, ಆ ಸಂತತಿಯನ್ನು ತನ್ನ ದೇಶಕ್ಕೆ ಒಯ್ಯುವ ಬಯಕೆಯನ್ನು ತೋಡಿಕೊಂಡನು. ಕನ್ನಡಿಗರು ಈತನನ್ನು ಬಲ್ಲರು. ಮೂರು ವರ್ಷಗಳ ತರುವಾಯ, 1623ರಲ್ಲಿ, ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡು, ಆ ಪಟ್ಟಣದ ಬೀದಿಗಳನ್ನೂ ಕೋಲಾಟವನ್ನೂ ಬರೆದಿಟ್ಟವನು ಇವನೇ. ಇಂದು ಹುಬ್ಬಳ್ಳಿಯ ಅಂಗಡಿಯ ಪಂಜರದಲ್ಲಿ ಕಾಣುವ ಉಬ್ಬುಗಣ್ಣಿನ, ಚಪ್ಪಟೆ ಮೂಗಿನ ಮರಿಯನ್ನು ತಂದು ತೋರಿಸಿದರೆ ಆ ಪ್ರವಾಸಿಯು ಗುರುತಿಸುತ್ತಿರಲಿಲ್ಲವೆಂದೇ ತೋರುತ್ತದೆ. ಏಕೆಂದರೆ ಆ ಚಪ್ಪಟೆ ಮುಖವು ಖೊರಾಸಾನಿನದಲ್ಲ, ಕಳೆದ ಶತಮಾನದ ಪಾಶ್ಚಾತ್ಯ ತಳಿಗಾರರದು.

ನಿಜವಾಗಿಯೂ ಚಿಕ್ಕದೆನ್ನಿಸಿಕೊಳ್ಳುವ ಕುಲಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಸಿಂಗಪುರಾ. ಎರಡರಿಂದ ಮೂರು ಕಿಲೋ ತೂಗುವ, ದಂತವರ್ಣದ ಮೇಲೆ ಕಂದು ಛಾಯೆಯ, ದೊಡ್ಡ ಕಣ್ಣುಗಳ ಈ ಬೆಕ್ಕನ್ನು ಅಮೆರಿಕದ ಮೆಡೋ ದಂಪತಿಗಳು 1975ರಲ್ಲಿ ಸಿಂಗಪುರದ ಬೀದಿಗಳಿಂದ ತಂದುದೆಂದು ಪ್ರಚಾರವಾಯಿತು. ಆದರೆ ಅದಕ್ಕೆ ಒಂದು ವರ್ಷ ಮೊದಲು ಅವೇ ಬೆಕ್ಕುಗಳು ಅಮೆರಿಕದಿಂದಲೇ ಸಿಂಗಪುರಕ್ಕೆ ಹೋಗಿದ್ದವೆಂಬ ದಾಖಲೆ 1987ರಲ್ಲಿ ಹೊರಬಿದ್ದಿತು, ವಂಶವಾಹಿಯ ಪರೀಕ್ಷೆಯೂ ಇದು ಬರ್ಮೀಸ್ ಬೆಕ್ಕಿಗೆ ಅತಿ ಸಮೀಪವೆಂದು ತೋರಿಸಿತು. ಹುಟ್ಟಿನ ಕಥೆ ಏನೇ ಇರಲಿ, ಅದರ ನಡತೆಯನ್ನು ಬಲ್ಲವರೆಲ್ಲ ಒಂದೇ ಮಾತನ್ನು ಹೇಳುತ್ತಾರೆ: ಅದು ಮನುಷ್ಯರ ಬೆನ್ನುಬಿಡದ, ಹೆಗಲೇರಿ ಕೂರುವ, ಮೃದುಸ್ವರದ, ವೃದ್ಧಾಪ್ಯದಲ್ಲಿಯೂ ಮರಿಯಂತೆ ಆಡುವ ಬೆಕ್ಕು. ಬರ್ಮೀಸ್ ಬೆಕ್ಕು 1930ರಲ್ಲಿ ಡಾಕ್ಟರ್ ಜೋಸೆಫ್ ಥಾಮ್ಸನ್ನರು ಸ್ಯಾನ್ ಫ್ರಾನ್ಸಿಸ್ಕೋಗೆ ತಂದ ವೊಂಗ್ ಮೌ ಎಂಬ ಒಂದು ಹೆಣ್ಣಿನಿಂದ ಬೆಳೆದ ವಂಶ. ಗಾತ್ರಕ್ಕಿಂತ ಭಾರ, ಸಂಗಪ್ರಿಯ, ಒಂಟಿತನವನ್ನು ಸಹಿಸದು. ಸಯಾಮೀಸ್ ಮಾತುಗಾರ, ದಿನವಿಡೀ ಕೂಗಿ ಕರೆದು ತನ್ನ ಇಷ್ಟವನ್ನು ತಿಳಿಸುತ್ತದೆ. ಹುಟ್ಟುವಾಗ ಬೆಳ್ಳಗಿದ್ದು, ಮೈಯ ತಂಪಾದ ಭಾಗಗಳಾದ ಕಿವಿ, ಮೂತಿ, ಪಾದ, ಬಾಲಗಳು ಮಾತ್ರ ಮೆಲ್ಲಮೆಲ್ಲನೆ ಕಪ್ಪಾಗುವ ಅದರ ವರ್ಣವು ಉಷ್ಣತೆಗೆ ಅಧೀನವಾದುದರಿಂದ, ನಮ್ಮ ಸವದತ್ತಿಯ ವೈಶಾಖದ ಬಿಸಿಲಿನಲ್ಲಿ ಬೆಳೆದ ಮರಿಯು ಶೀತದೇಶದ ತನ್ನ ಸೋದರನಿಗಿಂತ ತಿಳಿಯಾದ ಬಣ್ಣದ್ದಾಗುವುದು ಸಹಜ. ನೀಲಿ ಬೂದಿಯ ಬಣ್ಣದ ಕೊರಾಟ್ ಬೆಕ್ಕು ಥಾಯ್‌ಲ್ಯಾಂಡಿನಲ್ಲಿ ಸೌಭಾಗ್ಯದ ಗುರುತು. ಮನೆಯವರಲ್ಲಿ ಗಾಢಾನುರಕ್ತಿ, ಗದ್ದಲದಲ್ಲಿ ಅಂಜಿಕೆ.

ಇಂಗ್ಲೆಂಡಿನ ನೈರುತ್ಯ ಮೂಲೆಯ ಎರಡು ಪಕ್ಕಪಕ್ಕದ ಪ್ರಾಂತಗಳಲ್ಲಿ ಹತ್ತು ವರ್ಷಗಳ ಅಂತರದಲ್ಲಿ ಗುಂಗುರುಗೂದಲಿನ ಎರಡು ಬೆಕ್ಕುಗಳು ಹುಟ್ಟಿದವು: 1950ರಲ್ಲಿ ಕಾರ್ನ್‌ವಾಲಿನ ಕೃಷಿಕ್ಷೇತ್ರವೊಂದರಲ್ಲಿ ಕ್ಯಾಲಿಬಂಕರ್, 1960ರಲ್ಲಿ ಡೆವನ್ನಿನಲ್ಲಿ ಕರ್ಲಿ. ಎರಡರ ಕುಲಗಳನ್ನೂ ಕೂಡಿಸಿದಾಗ ಹುಟ್ಟಿದ ಮರಿಗಳೆಲ್ಲ ನೆಟ್ಟಗೂದಲಿನವಾಗಿ, ಒಂದೇ ರೂಪಕ್ಕೆ ಎರಡು ಬೇರೆ ಕಾರಣಗಳಿದ್ದುದು ಬೆಳಕಿಗೆ ಬಂತು. ಕಾರ್ನಿಷ್ ರೆಕ್ಸ್, ಡೆವನ್ ರೆಕ್ಸ್ ಎಂಬ ಈ ಎರಡೂ ಹಗುರ ಮೈಯವು, ಬಿಸುಪನ್ನು ಅರಸಿ ಮಡಿಲಿಗೆ ಬರುವವು, ಕುತೂಹಲದ ಮೂರ್ತಿಗಳು. ಅಬಿಸೀನಿಯನ್ ಬೆಕ್ಕು ಸ್ವಲ್ಪ ದೊಡ್ಡದಾದರೂ ಸಪೂರ. ಅದನ್ನು ಇಲ್ಲಿ ಸೇರಿಸುವುದಕ್ಕೆ ಬೇರೊಂದು ಕಾರಣವಿದೆ. ಹಾಲೆಂಡಿನ ಲೈಡನ್ ಸಂಗ್ರಹಾಲಯದಲ್ಲಿ 1830ರ ದಶಕದಲ್ಲಿ ಸೇರಿದ ಈ ಬಣ್ಣದ ಒಂದು ಬೆಕ್ಕಿನ ತೊಗಲಿಗೆ ಅಂಟಿಸಿದ ಚೀಟಿಯಲ್ಲಿ ಅದರ ತಾಯ್ನಾಡು ಇಂಡಿಯಾ ಎಂದಿದೆ. ವಂಶವಾಹಿಗಳ ಸಾಕ್ಷ್ಯವೂ ಅದರ ಮೂಲವನ್ನು ಹಿಂದೂ ಮಹಾಸಾಗರದ ತೀರಗಳ ಕಡೆಗೇ ಸೂಚಿಸುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ‘ಬಾಂಬೆ’ ಎಂಬ ಹೆಸರಿನ ಹೊಳೆವ ಕರಿಬೆಕ್ಕು ಮುಂಬಯಿಯನ್ನು ಕಂಡದ್ದೇ ಇಲ್ಲ. 1950ರ ದಶಕದಲ್ಲಿ ಅಮೆರಿಕದ ಕೆಂಟಕಿಯಲ್ಲಿ ನಿಕ್ಕಿ ಹಾರ್ನರ್ ಎಂಬ ಮಹಿಳೆಯು ಭಾರತದ ಕರಿಚಿರತೆಯ ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡು ಬರ್ಮೀಸ್ ಮತ್ತು ಅಮೆರಿಕದ ಕರಿಬೆಕ್ಕುಗಳನ್ನು ಬೆರೆಸತೊಡಗಿ ಪಡೆದ ತಳಿ ಅದು.

ಗಿಡ್ಡಕಾಲಿನ ಮಂಚ್ಕಿನ್ನಿನ ವಿಷಯದಲ್ಲಿ ಮಾತ್ರ ನಾನು ತಟಸ್ಥನಾಗಿರಲಾರೆ. 1983ರಲ್ಲಿ ಲೂಸಿಯಾನದಲ್ಲಿ ದೊರೆತ ಬಸುರಿ ಬೆಕ್ಕೊಂದರಿಂದ ಈ ತಳಿ ಬೆಳೆಯಿತು. ಸ್ವಭಾವದಲ್ಲಿ ಅದು ಉಲ್ಲಾಸಿ, ಸ್ನೇಹಶೀಲ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಗಿಡ್ಡತನವು ಎಲುಬಿನ ಬೆಳವಣಿಗೆಯ ವಿಕಾರ. ತಂದೆತಾಯಿಗಳಿಬ್ಬರಿಂದಲೂ ಆ ಗುಣವನ್ನು ಪಡೆದ ಭ್ರೂಣವು ಗರ್ಭದಲ್ಲಿಯೇ ನಾಶವಾಗುತ್ತದೆ. ಬೆಕ್ಕುಗಳ ವಂಶಾವಳಿಯನ್ನು 1910ರಿಂದ ಕಾಯುತ್ತ ಬಂದ ಬ್ರಿಟನ್ನಿನ ಪ್ರಧಾನ ಸಂಸ್ಥೆಯು ಇದಕ್ಕೆ ಮನ್ನಣೆಯನ್ನು ನಿರಾಕರಿಸಿರುವುದು ಯೋಗ್ಯವಾಗಿದೆ. 1961ರಲ್ಲಿ ಸ್ಕಾಟ್ಲೆಂಡಿನ ಕಣಜವೊಂದರಲ್ಲಿ ಕಂಡ ಸೂಸಿ ಎಂಬ ಬಿಳಿ ಬೆಕ್ಕಿನಿಂದ ಬಂದ ಮಡಿಚುಕಿವಿಯ ಸ್ಕಾಟಿಷ್ ಫೋಲ್ಡ್ ಕುಲದ ಸಂಗತಿ ಇನ್ನೂ ದಾರುಣ. ಕಿವಿಯನ್ನು ಮಡಿಚಿಸುವ ಮೃದ್ವಸ್ಥಿಯ ದೋಷವೇ ಕೀಲುಕೀಲುಗಳನ್ನು ಸೇರಿ ಜೀವಮಾನದ ನೋವಾಗುತ್ತದೆ. ಅದು ಶಾಂತಸ್ವಭಾವದ್ದೆಂದು ಹೊಗಳುವವರು ಆ ಶಾಂತಿಯಲ್ಲಿ ಎಷ್ಟು ಪಾಲು ನೋವಿನಿಂದ ಬಂದ ಜಡತೆಯೆಂಬುದನ್ನು ವಿಚಾರಿಸಬೇಕು. ಪರ್ಷಿಯನ್ ಬೆಕ್ಕು ಸೌಮ್ಯವೇ ಸರಿ, ಸುಮ್ಮನೆ ಕೂರುವ ಬೆಕ್ಕು ಬೇಕೆನ್ನುವವರಿಗೆ ಒಪ್ಪುವಂಥದೇ ಸರಿ. ಆದರೆ ಆ ದಟ್ಟ ಕೂದಲನ್ನೂ ಚಪ್ಪಟೆ ಮೂಗನ್ನೂ ಹೊತ್ತು ಅದು ಎರೆಸೀಮೆಯ ಬೇಸಗೆಯನ್ನು ಕಳೆಯಬೇಕು. ಬೆಕ್ಕಿಗೆ ಮೈ ಬೆವರಿ ತಂಪಾಗುವ ಸೌಕರ್ಯ ಹೆಚ್ಚಿಲ್ಲ. ಉಸಿರಾಟವೇ ಕಷ್ಟವಾದ ಮುಖಕ್ಕೆ ನಲವತ್ತು ಡಿಗ್ರಿಯ ಸೆಕೆಯು ಶಿಕ್ಷೆ. ಕಣ್ಣೀರು ಒರಸುವ, ದಿನವೂ ಬಾಚುವ, ಬಿಸಿಲಿನಲ್ಲಿ ತಂಪು ಕೋಣೆಯನ್ನೊದಗಿಸುವ ಸಂಕಲ್ಪವಿಲ್ಲದವರು ಅದನ್ನು ತರಬಾರದು.

ಇನ್ನು ಮೂಲಪ್ರಶ್ನೆಗೆ ಬರೋಣ. ಕುಲಕ್ಕೂ ಶೀಲಕ್ಕೂ ಸಂಬಂಧವಿದೆಯೇ? ಇದೆ. ಹೆಲ್ಸಿಂಕಿಯ ವಿದ್ವಾಂಸರು 2019ರಲ್ಲಿ ಐದು ಸಾವಿರಕ್ಕೂ ಮಿಕ್ಕಿದ ಬೆಕ್ಕುಗಳ ವಿಷಯವನ್ನು ಅವುಗಳ ಒಡೆಯರಿಂದ ಸಂಗ್ರಹಿಸಿ ಪ್ರಕಟಿಸಿದ ಪ್ರಬಂಧದಲ್ಲಿ, ನಡತೆಯ ಭೇದಗಳಲ್ಲಿ ಸುಮಾರು ಅರ್ಧದಷ್ಟು ಆನುವಂಶಿಕವೆಂದು ಲೆಕ್ಕಹಾಕಿದ್ದಾರೆ. ಬ್ರಿಟಿಷ್ ಶಾರ್ಟ್‌ಹೇರ್ ಮನುಷ್ಯರ ಸಂಪರ್ಕವನ್ನು ಅಷ್ಟಾಗಿ ಬಯಸದು, ಕೊರಾಟ್ ಮತ್ತು ಡೆವನ್ ರೆಕ್ಸ್‌ಗಳು ಬಹಳವಾಗಿ ಬಯಸುವವು ಎಂಬುದು ಅಲ್ಲಿ ಕಂಡುಬಂದ ಅಂಶ. ಆದರೆ ಮಿಕ್ಕರ್ಧ ಎಲ್ಲಿಂದ ಬಂತು ಎಂಬುದೇ ಸಾಕುವವನಿಗೆ ಮುಖ್ಯವಾದ ಸಂಗತಿ. ಫಿಲಡೆಲ್ಫಿಯದಲ್ಲಿ ಐಲೀನ್ ಕಾರ್ಷ್ ಎಂಬ ವಿದುಷಿಯು ನಡೆಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟಿವೆ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಕಿರಿದಾದ ಅವಧಿಯಲ್ಲಿ ಮನುಷ್ಯರ ಕೈಯಲ್ಲಾಡಿದ ಮರಿಯು ಜೀವಮಾನವೆಲ್ಲ ಮನುಷ್ಯರನ್ನು ನಂಬುತ್ತದೆ. ಆ ಅವಧಿಯನ್ನು ಮನುಷ್ಯಸ್ಪರ್ಶವಿಲ್ಲದೆ ಕಳೆದ ಮರಿಯು, ಎಷ್ಟು ಉತ್ತಮ ಕುಲದ್ದೇ ಆಗಲಿ, ಹಿಂಜರಿಯುತ್ತದೆ. ದಿನಕ್ಕೆ ಹದಿನೈದು ನಿಮಿಷ ಎತ್ತಿಕೊಂಡ ಮರಿಗಳಿಗಿಂತ ನಲವತ್ತು ನಿಮಿಷ ಎತ್ತಿಕೊಂಡ ಮರಿಗಳು ಹೆಚ್ಚು ಅಂಟಿಕೊಂಡವು. ಇನ್ನೂ ಸೋಜಿಗವಾದದ್ದು, 1986ರಲ್ಲಿ ಡೆನಿಸ್ ಟರ್ನರ್ ಮತ್ತು ಸಂಗಡಿಗರು ತೋರಿಸಿದ ಸಂಗತಿ: ಮರಿಯ ಸ್ನೇಹಶೀಲತೆಯಲ್ಲಿ ತಂದೆಬೆಕ್ಕಿನ ಪಾಲಿದೆ, ಆ ತಂದೆಯ ಮುಖವನ್ನು ಮರಿಯು ಎಂದೂ ನೋಡದಿದ್ದರೂ ಸಹ. ಮನೆಯ ಹೆಣ್ಣುಬೆಕ್ಕು ಎಷ್ಟೇ ಸಾಧುವಾಗಿದ್ದರೂ ಅದರ ಮರಿಗಳು ಕೆಲವೊಮ್ಮೆ ಅಂಜುಬುರುಕಾಗುವುದೇಕೆ ಎಂಬ ಪ್ರಶ್ನೆಗೆ, ಮಾಳಿಗೆಯ ಮೇಲಿಂದ ಬಂದುಹೋದ ಅಪರಿಚಿತ ಗಂಡುಬೆಕ್ಕಿನ ರೂಪದಲ್ಲಿ ಉತ್ತರ ದೊರೆಯುತ್ತದೆ.

ಇದಕ್ಕೆ ಒಪ್ಪುವ ನಿದರ್ಶನವನ್ನು ಬೈಲಹೊಂಗಲದ ಪೇಟೆಯ ಕಾಳಿನಂಗಡಿಯೊಂದರಲ್ಲಿ ನಾನು ನೋಡುತ್ತ ಬಂದಿದ್ದೇನೆ. ಅಲ್ಲಿ ಒಂದು ಹೆಣ್ಣುಬೆಕ್ಕಿದೆ; ಬಿಳಿ, ಕಪ್ಪು, ಕೇಸರಿ ಮೂರು ಬಣ್ಣದ್ದು. ಕೇಸರಿಯ ಗುಣವು ಸ್ತ್ರೀಪುರುಷಭೇದವನ್ನು ನಿರ್ಣಯಿಸುವ ವರ್ಣತಂತುವಿನ ಮೇಲಿರುವುದರಿಂದ ಇಂಥ ಮೂರು ಬಣ್ಣದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ ತೂಗಿದರೆ ಮೂರು ಕಿಲೋ ಆದೀತು. ಗಾತ್ರದಲ್ಲಿ ಸಿಂಗಪುರಾಗಿಂತ ಕೊಂಚವೇ ಹೆಚ್ಚು. ಕಡಲೆಯ ಚೀಲಗಳ ನಡುವೆ ಹುಟ್ಟಿ, ಕಣ್ಣುತೆರೆದ ದಿನದಿಂದ ಹಮಾಲರ, ರೈತರ, ಗಿರಾಕಿಗಳ ಕೈಯಿಂದ ಕೈಗೆ ಹೋಗಿ ಬೆಳೆದುದರಿಂದ ಅದಕ್ಕೆ ಮನುಷ್ಯರಲ್ಲಿ ಭಯವೆಂಬುದಿಲ್ಲ. ಚೀಲ ಇಳಿಸುವ ಧಡಧಡ ಶಬ್ದಕ್ಕೆ ಒಂದು ಕಿವಿಯನ್ನಷ್ಟೇ ತಿರುಗಿಸಿ ಮತ್ತೆ ನಿದ್ದೆಹೋಗುವ ಅದೇ ಬೆಕ್ಕು, ಹಿಂದಿನ ಸಾಲಿನ ಚೀಲದಲ್ಲಿ ಒಂದು ಕಾಳು ಉರುಳಿದ ಸಪ್ಪಳಕ್ಕೆ ಎದ್ದು ಕೂಡುತ್ತದೆ. ಮೀಸೆಗಳು ಮುಂದಕ್ಕೆ ಬಾಗುತ್ತವೆ, ಬೆನ್ನು ಇಳಿಯುತ್ತದೆ, ಬಾಲದ ತುದಿ ಮಾತ್ರ ಅಲುಗುತ್ತದೆ, ಬಹಳ ಹೊತ್ತು ಅಲುಗುತ್ತದೆ. ಅದರ ಒಡಹುಟ್ಟು, ಅದೇ ಸೂಲಿನ ಇನ್ನೊಂದು ಬೆಕ್ಕು, ಹಿತ್ತಲಿನ ಕಣಿಕೆಯ ಬಣವೆಯಲ್ಲಿ ಒಂಟಿಯಾಗಿ ಬೆಳೆದು, ಇಂದಿಗೂ ಯಾರ ಕೈಗೂ ಬಾರದು. ತಾಯಿ ಒಂದೇ, ಹುಟ್ಟಿದ ವೇಳೆ ಒಂದೇ, ಊರು ಒಂದೇ. ಬೇರೆಯಾದದ್ದು ಆ ಮೊದಲ ವಾರಗಳು.

ಆದುದರಿಂದ ಮರಿಯನ್ನು ತಾಯಿಯಿಂದ ಬಿಡಿಸುವ ಕಾಲವು ಮಹತ್ತ್ವದ್ದು. ಹೆತ್ತ ಬೆಕ್ಕು ಮರಿಗಳ ಕುತ್ತಿಗೆಯನ್ನು ಬಾಯಲ್ಲಿ ಹಿಡಿದು ಅಟ್ಟದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಒಳಕೋಣೆಗೆ ಒಯ್ಯುವುದನ್ನು ಎಲ್ಲರೂ ಕಂಡಿದ್ದಾರೆ; ಆಗ ಮರಿಯು ಕೈಕಾಲು ಮುದುಡಿಕೊಂಡು ಅಲುಗದೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಬಿಡುತ್ತದೆ. ರಾಮಾನುಜಮತದ ತೆಂಗಲೆಯವರು ಭಗವಂತನಲ್ಲಿ ಜೀವನ ಶರಣಾಗತಿಯನ್ನು ವಿವರಿಸಲು ಮಾರ್ಜಾಲಕಿಶೋರನ್ಯಾಯವೆಂದು ಈ ನೋಟವನ್ನೇ ಆರಿಸಿಕೊಂಡರು. ಆ ತಾಯಿಯ ಬಳಿ ಮರಿಯು ಎಂಟು ವಾರವಾದರೂ ಇರಬೇಕು. ಬೇಟೆಯ ವರಸೆಯನ್ನು, ಉಗುರನ್ನು ಒಳಗೆಳೆದುಕೊಂಡು ಆಡುವ ಸಂಯಮವನ್ನು, ಮಣ್ಣಿನಲ್ಲಿ ಮಲವನ್ನು ಮುಚ್ಚುವ ಶೌಚವನ್ನು ಅದು ತಾಯಿಯಿಂದಲೂ ಒಡಹುಟ್ಟುಗಳಿಂದಲೂ ಕಲಿಯುತ್ತದೆ. ಮುದ್ದಾಗಿದೆಯೆಂದು ಇಪ್ಪತ್ತು ದಿನದ ಮರಿಯನ್ನು ಎತ್ತಿಕೊಂಡು ಹೋಗಿ ಆಕಳ ಹಾಲು ಕುಡಿಸುವವರು ಕಚ್ಚುವ ಬೆಕ್ಕನ್ನು ತಾವೇ ಸಿದ್ಧಪಡಿಸುತ್ತಾರೆ, ಅದೂ ಮರಿ ಬದುಕಿದರೆ.

ಆಹಾರದ ವಿಷಯದಲ್ಲಿ ನಮ್ಮಲ್ಲಿ ಬೇರೂರಿದ ಒಂದು ಭ್ರಮೆಯನ್ನು ಹೇಳಲೇಬೇಕು. ಬೆಕ್ಕಿಗೆ ಹಾಲು ರೊಟ್ಟಿ ಸಾಕೆಂದು ಎಲ್ಲರ ಎಣಿಕೆ. ಶಾಕಾಹಾರದ ಮನೆಗಳಲ್ಲಿ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಹಾಕಿದರೂ ಬೆಕ್ಕು ತಲೆಮಾರುಗಳಿಂದ ಬದುಕಿದ್ದು ನಿಜ. ಅದಕ್ಕೆ ಕಾರಣ ಹೊರಗೆ ಅದು ಹಿಡಿದು ತಿನ್ನುತ್ತಿದ್ದ ಇಲಿ, ಹಲ್ಲಿ, ಮಿಡತೆಗಳು. ಬೆಕ್ಕು ಸಂಪೂರ್ಣ ಮಾಂಸಾಹಾರಿ. ಟಾರಿನ್ ಎಂಬ ದ್ರವ್ಯವನ್ನು ಅದರ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಕೊರೆಯಾದರೆ ಕಣ್ಣು ಕುರುಡಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯರೋಗಕ್ಕೂ ಈ ಕೊರತೆಗೂ ಇರುವ ಸಂಬಂಧವನ್ನು 1987ರಲ್ಲಿ ಕ್ಯಾಲಿಫೋರ್ನಿಯದ ಪಶುವೈದ್ಯರು ಕಂಡುಹಿಡಿದರು. ಗಜ್ಜರಿಯಲ್ಲಿರುವ ದ್ರವ್ಯವನ್ನು ಎ ಜೀವಸತ್ವವನ್ನಾಗಿ ಮಾರ್ಪಡಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಸಿಹಿಯ ರುಚಿಯನ್ನು ಅರಿಯುವ ಅಂಗವೇ ಅದರ ನಾಲಗೆಯಲ್ಲಿ ಕೆಟ್ಟಿದೆಯೆಂಬುದು 2005ರಲ್ಲಿ ಗೊತ್ತಾಯಿತು. ಅದು ಪೇಡೆಗೆ ಬಾಯಿ ಹಾಕಿದರೆ ಅದರ ಕೊಬ್ಬಿಗಾಗಿ, ಸಕ್ಕರೆಗಾಗಿ ಅಲ್ಲ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಬೆಕ್ಕನ್ನು ಮನೆಯೊಳಗೇ ಇಟ್ಟು ಸಾಕುವವರು ತತ್ತಿ, ಮೀನು, ಮಾಂಸ, ಇಲ್ಲವೆ ಬೆಕ್ಕಿಗೆಂದೇ ತಯಾರಿಸಿದ ತಿನಿಸನ್ನು ಕೊಡಲು ಮನಸ್ಸನ್ನು ಸಿದ್ಧಮಾಡಿಕೊಳ್ಳಬೇಕು. ಮನೆತನದ ಆಚಾರಕ್ಕೆ ಅದು ಒಗ್ಗದಿದ್ದರೆ ಸಾಕಬಹುದಾದ ಪ್ರಾಣಿಗಳು ಇನ್ನೆಷ್ಟೋ ಇವೆ. ಮನುಷ್ಯರ ಜ್ವರದ ಪ್ಯಾರಾಸಿಟಮಾಲ್ ಗುಳಿಗೆ ಒಂದೇ ಆದರೂ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಔಷಧವೂ ಹಾಗೆಯೇ. ಎಷ್ಟೋ ಸಾವುಗಳು ಪ್ರೀತಿಯಿಂದ ಮಾಡಿದ ಈ ಉಪಚಾರದಿಂದಲೇ ಆಗಿವೆ.

ಕಿತ್ತೂರಿನ ಕಡೆಯ ಅಡವಿಯಂಚಿನಲ್ಲಿಯೂ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರಖಾನೆಗೆ ಕಬ್ಬು ಸಾಗಿಸುವ ಊರುಗಳಲ್ಲಿಯೂ ಇರುವವರಿಗೆ ಒಂದು ಮಾತು. ಕಬ್ಬು ಕಡಿಯುವಾಗ ಗದ್ದೆಯ ನಡುವೆ ಕೆಲವೊಮ್ಮೆ ಮರಿಗಳು ಸಿಕ್ಕುತ್ತವೆ. ನೀಳಗಾಲು, ಗಿಡ್ಡ ಬಾಲ, ಕಿವಿಯ ತುದಿಯಲ್ಲಿ ಸಣ್ಣ ಕುಚ್ಚು ಇದ್ದರೆ ಅವು ಮನೆಯ ಬೆಕ್ಕಿನವಲ್ಲ, ಕಾಡುಬೆಕ್ಕಿನವು. ನಮ್ಮ ರಾಜ್ಯದ ಕುರುಚಲು ಕಾಡುಗಳಲ್ಲಿ ಅದಕ್ಕಿಂತಲೂ ಚಿಕ್ಕದಾದ, ತುಕ್ಕುಬಣ್ಣದ ಚುಕ್ಕೆಗಳ ಇನ್ನೊಂದು ಬೆಕ್ಕಿದೆ. ಬೆಳೆದ ಮೇಲೂ ಒಂದರಿಂದ ಒಂದೂವರೆ ಕಿಲೋ ತೂಗುವ ಅದು ಜಗತ್ತಿನ ಅತಿ ಸಣ್ಣ ಬೆಕ್ಕುಗಳಲ್ಲೊಂದು, ಭಾರತ, ಶ್ರೀಲಂಕಾ, ನೇಪಾಳಗಳನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಚಿಕ್ಕ ಬೆಕ್ಕಿನ ಹಂಬಲದಿಂದ ಇವನ್ನು ಮನೆಗೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅದಕ್ಕಿಂತ ಮಿಗಿಲಾಗಿ, ಆ ಮರಿಗಳು ಮನೆಯ ಬಾಳಿಗೆ ಒಗ್ಗುವಂಥವಲ್ಲ. ಸಿಕ್ಕಿದಲ್ಲಿಯೇ ಬಿಟ್ಟು ದೂರ ಸರಿದರೆ ಸಾಮಾನ್ಯವಾಗಿ ಇರುಳಿನಲ್ಲಿ ತಾಯಿ ಬಂದು ಒಯ್ಯುತ್ತದೆ.

ಎಲ್ಲವನ್ನೂ ತೂಗಿ ನೋಡಿದಾಗ ನನ್ನ ತೀರ್ಮಾನವು ಹೀಗಿದೆ. ಮೂರು ನಾಲ್ಕು ಕಿಲೋ ಮೀರದ ಮೈ, ಬಿಸಿಲಿಗೆ ಒಗ್ಗಿದ ಗಿಡ್ಡ ಕೂದಲು, ಸಹಜವಾದ ಮೂಗು ಕಾಲುಗಳು, ಚುರುಕಾದ ಬುದ್ಧಿ, ಮನುಷ್ಯರ ನಡುವೆ ಹುಟ್ಟಿ ಬೆಳೆದಲ್ಲಿ ಯಾವ ಸಿಂಗಪುರಾಗೂ ಕಡಿಮೆಯಿಲ್ಲದ ಸ್ನೇಹ, ಇವೆಲ್ಲವನ್ನೂ ಕೂಡಿಸಿಕೊಂಡ ಚಿಕ್ಕ ಬೆಕ್ಕಿನ ತಳಿಯು ಮಲಪ್ರಭೆಯ ದಂಡೆಯಲ್ಲಿ ಆಗಲೇ ಇದೆ. ಅದನ್ನು ಬಯಸುವವರು ಹಣ ಹಿಡಿದು ದೂರದ ನಗರಕ್ಕೆ ಹೋಗಬೇಕಾದುದಿಲ್ಲ. ಮರಿ ಹಾಕಿದ ಬೆಕ್ಕಿರುವ ನೆರೆಮನೆಗೆ ಹೋಗಿ, ಎರಡನೆಯ ವಾರದಿಂದಲೇ ದಿನವೂ ಒಂದಷ್ಟು ಹೊತ್ತು ಆ ಮರಿಗಳನ್ನು ಮಡಿಲಲ್ಲಿಟ್ಟುಕೊಂಡು, ಎಂಟು ವಾರ ತುಂಬಿದ ಮೇಲೆ ಕರೆತರಬೇಕು. ಬಂದ ಮೇಲೆ ಪಶುವೈದ್ಯರಲ್ಲಿಗೆ ಒಯ್ದು ಹುಚ್ಚುರೋಗದ ಮತ್ತು ಇತರ ರೋಗಗಳ ಲಸಿಕೆಯನ್ನು ಹಾಕಿಸಬೇಕು. ಅರುವತ್ತಮೂರರಿಂದ ಅರುವತ್ತೈದು ದಿನಗಳಲ್ಲಿ ಈಯುವ, ವರುಷಕ್ಕೆ ಎರಡು ಮೂರು ಸಲ ಮರಿಹಾಕಬಲ್ಲ, ತಾನಿನ್ನೂ ಆರು ತಿಂಗಳ ಕೂಸಾಗಿರುವಾಗಲೇ ಗರ್ಭ ಧರಿಸಬಲ್ಲ ಪ್ರಾಣಿ ಇದಾದ್ದರಿಂದ, ಸಕಾಲದಲ್ಲಿ ಸಂತಾನಹರಣ ಚಿಕಿತ್ಸೆಯನ್ನು ಮಾಡಿಸಬೇಕು. ಹಾಗೆ ಮಾಡಿಸದೆ, ಬೇಡವಾದ ಮರಿಗಳನ್ನು ಚೀಲದಲ್ಲಿ ಕಟ್ಟಿ ಸಂತೆಯ ಬಯಲಿನಲ್ಲಿಯೋ ಗುಡಿಯ ಹಿಂದೆಯೋ ಬಿಟ್ಟು ಬರುವ ರೂಢಿಯನ್ನು, ಬೆಕ್ಕಿನ ಮೇಲೆ ಕಿಂಚಿತ್ತಾದರೂ ಪ್ರೀತಿಯುಳ್ಳವರು ಈ ವರ್ಷದಿಂದಲೇ ನಿಲ್ಲಿಸಬೇಕೆಂದು ಈ ನಾಲ್ಕು ತಾಲೂಕುಗಳ ಓದುಗರಲ್ಲಿ ಕೈಮುಗಿದು ಬೇಡಿಕೊಳ್ಳುತ್ತೇನೆ.